ದಣಿಯದ ಯಂತ್ರದ ಪಾತ್ರದಲ್ಲಿ ಬೈರಪ್ಪ

ಬೈರಪ್ಪನ ಐವತ್ತೊಂಬತ್ತು ವರ್ಷದ ಬದುಕನ್ನು ಒಂದೇ ಮಾತಿನಲ್ಲಿ ಹೇಳಿ ಅಂದರೆ ಕಷ್ಟವೇನಿಲ್ಲ. ಅವನು ಎತ್ತಿದ. ಮಧುಗಿರಿಯ ಎಪಿಎಂಸಿ ಯಾರ್ಡಿನಲ್ಲಿ ಮೂವತ್ತು ವರ್ಷ ಕಡಲೆಕಾಯಿ ಮೂಟೆ ಎತ್ತಿದ, ಹುಣಸೆಹಣ್ಣಿನ ಮೂಟೆ ಎತ್ತಿದ. ಸುತ್ತಮುತ್ತಲ ಊರುಗಳಲ್ಲಿ ಪೌರಾಣಿಕ ನಾಟಕ ಆಡಿದಾಗಲೆಲ್ಲ ರಕ್ಕಸನ ಪಾತ್ರ ಕಟ್ಟಿ, ಕಿರೀಟ, ಭುಜಕೀರ್ತಿ, ಗದೆ ಎತ್ತಿದ. ಐದು ವರ್ಷದಿಂದೀಚೆಗೆ ಹೆಂಡತಿ ರಾಜಲಕ್ಷ್ಮಮ್ಮನನ್ನು ಎತ್ತುತ್ತಿದ್ದಾನೆ. ಬೆಳಿಗ್ಗೆ ಹಾಸಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕುರ್ಚಿಗೆ, ಕುರ್ಚಿಯಿಂದ ಮತ್ತೆ ಹಾಸಿಗೆಗೆ. ಲಕ್ವ ಹೊಡೆದು ಅವಳ ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತು ಬರುತ್ತದೆ, ಆದರೆ ಬಾಯಲ್ಲಿ ತುತ್ತು ಇಟ್ಟುಕೊಂಡು ಆಡಿದ ಹಾಗೆ ಬರುತ್ತದೆ. ಮೂಟೆ ಎತ್ತಿದ್ದಕ್ಕೆ ಅವನನ್ನು ಯಾರೂ ಹೊಗಳಿರಲಿಲ್ಲ, ಹೆಂಡತಿಯನ್ನು ಎತ್ತುವುದಕ್ಕೆ ಬೀದಿಯೆಲ್ಲ ಹೊಗಳುತ್ತದೆ. ‘ಬೈರಪ್ಪನಂಥ ಗಂಡ ಎಲ್ಲವ್ನೆ’ ಎಂದು ಹೆಂಗಸರು ತಮ್ಮ ಗಂಡಂದಿರಿಗೆ ಕೇಳುವ ಹಾಗೆ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬೈರಪ್ಪ ತಲೆ ತಗ್ಗಿಸಿಕೊಂಡು ಬೇಗ ಬೇಗ ನಡೆದುಬಿಡುತ್ತಾನೆ.

ಜನ ಅದನ್ನು ವಿನಯ ಅಂದುಕೊಂಡಿದ್ದರು. ವಿನಯವಲ್ಲ, ಹೆದರಿಕೆ. ಮೊದಲ ವರ್ಷ ಅವನು ಅತ್ತಿದ್ದ, ದಂಡಿನ ಮಾರಮ್ಮನಿಗೆ ಹರಕೆ ಹೊತ್ತಿದ್ದ. ಎರಡನೆಯ ವರ್ಷ ಕಂಡಕಂಡವರ ಮೇಲೆಲ್ಲ ಸಿಟ್ಟು ಮಾಡಿಕೊಂಡಿದ್ದ. ಆಮೇಲೆ ಅಳುವೂ ಇಲ್ಲ, ಸಿಟ್ಟೂ ಇಲ್ಲ. ಐದೂವರೆಗೆ ಏಳುವುದು, ಎತ್ತುವುದು, ತೊಳೆಯುವುದು, ತಲೆ ಬಾಚುವುದು, ರಾಗಿ ಗಂಜಿ ಕುಡಿಸುವುದು. ಪಕ್ಕದ ಮನೆಯ ಲಕ್ಷ್ಮೀದೇವಿಯನ್ನು ಅವಳ ಹತ್ತಿರ ಕೂರಿಸಿ ಅರ್ಧ ದಿನ ಯಾರ್ಡಿಗೆ ಹೋಗಿಬರುವುದು, ಬಂದು ಮತ್ತೆ ಎತ್ತುವುದು. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು, ಬೈರಪ್ಪ ಎಲ್ಲೋ ದೂರದಲ್ಲಿ ನಿಂತು ಅದನ್ನು ನೋಡುತ್ತಿದ್ದ.

ಕಾರ್ತೀಕ ಮಾಸದ ಒಂದು ಬೆಳಿಗ್ಗೆ ಕೈಯೂ ನಿಂತಿತು. ಎದ್ದು ನೋಡಿದರೆ ರಾಜಲಕ್ಷ್ಮಮ್ಮನ ಹಾಸಿಗೆ ಒದ್ದೆಯಾಗಿತ್ತು. ಅವಳು ಕಿಟಕಿಯಿದ್ದ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ಬೈರಪ್ಪ ನೋಡಿದ, ಹೊರಗೆ ಬಂದು ಜಗಲಿಯ ಮೇಲೆ ಕೂತ. ಬೀಡಿ ಹಚ್ಚಲಿಲ್ಲ, ಏನನ್ನೂ ಯೋಚಿಸಲಿಲ್ಲ, ಎದುರಿಗಿದ್ದ ಬೆಟ್ಟದ ಬಂಡೆಯ ಮೇಲೆ ಬಿಸಿಲು ಇಳಿಯುವುದನ್ನು ನೋಡುತ್ತಾ ಒಂದು ಗಂಟೆ ಹಾಗೇ ಕೂತುಬಿಟ್ಟ. ಒಳಗಿನಿಂದ ಒಂದೇ ಒಂದು ಸಲ ಕೆಮ್ಮು ಕೇಳಿಸಿತು. ಅವಳು ಎಚ್ಚರವಾಗಿದ್ದಾಳೆ ಎಂದು ಗೊತ್ತಿದ್ದೂ ಏಳಲಿಲ್ಲ. ಆವತ್ತಿನಿಂದ ಅವನಿಗೆ ಭಯ ಹತ್ತಿತ್ತು. ತನ್ನಲ್ಲಿ ಪ್ರೀತಿ ಅನ್ನುವುದು ಬತ್ತಿಹೋಗಿದೆ, ಬರೀ ಅಭ್ಯಾಸ ಉಳಿದಿದೆ, ಮತ್ತು ಅದು ಅವಳಿಗೆ ಗೊತ್ತಾಗಿಬಿಟ್ಟಿದೆ. ಶಿರಾದಲ್ಲಿದ್ದ ಮಗಳು ಅನುಷಾಳಿಗೂ ಅವನು ಇದನ್ನು ಹೇಳಿರಲಿಲ್ಲ.

ಇಂಥ ಮನುಷ್ಯನನ್ನು ಹುಡುಕಿಕೊಂಡು ಸಿನಿಮಾ ಬಂತು.

ಸಿನಿಮಾದ ಯಂತ್ರಗಳ ಪರಿಚಯ ಆ ಮನೆಗೆ ಹೊಸದೇನಲ್ಲ. ರಾಜಲಕ್ಷ್ಮಮ್ಮನಿಗೆ ಮಧ್ಯಾಹ್ನವೆಲ್ಲ ಟಿವಿಯೇ ಗತಿ. ಅದರಲ್ಲಿ ಎಲ್ಲೆಲ್ಲಿಯದೋ ಸಿನಿಮಾಗಳು ಕನ್ನಡ ಮಾತಾಡಿಕೊಂಡು ಬರುತ್ತಿದ್ದವು, ಅವುಗಳಲ್ಲಿ ತಾವೇ ಯೋಚಿಸುವ ಯಂತ್ರಗಳು ಬರುತ್ತಿದ್ದವು. ನೋಡಿ ನೋಡಿ ಅವಳಿಗೆ ಅವುಗಳ ಜಾತಕವೆಲ್ಲ ಬಾಯಿಪಾಠವಾಗಿತ್ತು. ಯಂತ್ರದ ಎದೆಯಲ್ಲಿ ನೀಲಿ ದೀಪ ಉರಿಯುತ್ತಿದ್ದರೆ ಅದು ಒಳ್ಳೆಯದು. ದೀಪ ಕೆಂಪಾಯಿತೋ, ಲೋಕವನ್ನೇ ಆಳಲು ಹೊರಟಿತು ಅಂತ ಅರ್ಥ. ಕೆಟ್ಟದ್ದಾದರೆ ಗುಡುಗಿದ ಹಾಗೆ ನಗುತ್ತದೆ, ಒಳ್ಳೆಯದಾದರೆ ಕೊನೆಗೆ ಯಾರನ್ನೋ ಉಳಿಸಿ ತಾನು ಸಾಯುತ್ತದೆ, ನೋಡುವವರು ಅಳುತ್ತಾರೆ. ಇವೆರಡು ಬಿಟ್ಟು ಸುಮ್ಮನೆ ಕೆಲಸ ಮಾಡಿಕೊಂಡಿರುವ ಯಂತ್ರವನ್ನು ಯಾವ ಸಿನಿಮಾದವನೂ ತೋರಿಸಿದ ಹಾಗಿಲ್ಲ. ‘ದೀಪ ಕೆಂಪಾಯ್ತು ನೋಡು ಮಾವ’ ಎಂದು ಅವಳು ಮೊದಲೇ ಹೇಳಿಬಿಡುತ್ತಿದ್ದಳು. ಬೈರಪ್ಪ ಅವಳಿಗೆ ಸೋದರತ್ತೆಯ ಮಗ, ತೋವಿನಕೆರೆಯಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಅವನನ್ನು ಮಾವ ಎಂದೇ ಕರೆಯುವುದು.

ಸುದ್ದಿ ತಂದವನು ಸಿದ್ದಗಂಗಯ್ಯ. ನಾಟಕಗಳಿಗೆ ಪರದೆ, ವೇಷಭೂಷಣ ಬಾಡಿಗೆಗೆ ಕೊಡುವವನು, ಬೈರಪ್ಪನಿಗೆ ರಕ್ಕಸನ ಉಡುಪು ತೊಡಿಸಿ ತೊಡಿಸಿ ಮುದುಕನಾದವನು.

“ಲೇ ಬೈರ, ಸಿನಿಮಾದೋರು ಬಂದವ್ರೆ ಕಣ್ಲಾ. ಮಿಶಿನ್ ಮನುಷ್ಯನ ಕತೆಯಂತೆ. ಅದ್ರೊಳಗೆ ಒಬ್ಬ ಮನುಷ್ಯ ಹೊಕ್ಕಬೇಕು. ಹದಿನೆಂಟು ಕೇಜಿ ಐತೆ. ಬೆಂಗಳೂರು ಹುಡುಗ್ರು ಇಬ್ರು ಹಾಕ್ಕಂಡು ತಲೆ ತಿರುಗಿ ಬಿದ್ರಂತೆ.”

“ಮಾತೈತಾ ಗಂಗಣ್ಣ?”

“ಮಾತು ಆಮ್ಯಾಕೆ ಬ್ಯಾರೆಯೋರು ಹೇಳ್ತಾರಂತೆ. ಮೊಕಾನೂ ಕಾಣಕ್ಕಿಲ್ಲ.”

“ಮತ್ತಿನ್ನೇನ್ ಕಾಣ್ತದೆ?”

“ನೀನು ಎತ್ತದು ಕಾಣ್ತದೆ. ಅದ್ಕೇ ನಿನ್ ಹೆಸರು ಹೇಳಿವ್ನಿ.”

ಬೈರಪ್ಪನಿಗೆ ಮನಸ್ಸಿರಲಿಲ್ಲ. ರಾಜಲಕ್ಷ್ಮಮ್ಮನೇ ಹಟ ಹಿಡಿದಳು. ಅನುಷಾ ರಜೆ ಹಾಕಿ ಬಂದು ಇಪ್ಪತ್ತು ದಿನ ಅಮ್ಮನ ಹತ್ತಿರ ಇರುತ್ತೇನೆ ಅಂದಳು. ಇಪ್ಪತ್ತು ದಿನ ಹೆಂಡತಿಯನ್ನು ಹಗಲಲ್ಲಿ ಎತ್ತಬೇಕಾಗಿಲ್ಲ ಎಂದು ಗೊತ್ತಾದಾಗ ಬೈರಪ್ಪನಿಗೆ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ನಿರ್ದೇಶಕಿಯ ಹೆಸರು ಲೋಹಿತಾ. ಕೊರಟಗೆರೆಯವಳೇ, ಮೂವತ್ತರ ಆಸುಪಾಸು, ಇದು ಅವಳ ಮೊದಲ ಸಿನಿಮಾ. ನಿದ್ದೆ ಕಂಡು ತಿಂಗಳಾದ ಹಾಗಿತ್ತು ಅವಳ ಮುಖ. ಬೈರಪ್ಪನನ್ನು ಕೂರಿಸಿಕೊಂಡು ಕತೆ ಹೇಳಿದಳು. ಹಾಸಿಗೆ ಹಿಡಿದ ಒಬ್ಬ ಟೀಚರಮ್ಮನನ್ನು ನೋಡಿಕೊಳ್ಳಲು ಕಂಪನಿಯವರು ಯಂತ್ರ ಕೊಡುತ್ತಾರೆ. ಮೊದಲು ಅದಕ್ಕೆ ಏನೂ ಅನಿಸುವುದಿಲ್ಲ, ಹೇಳಿದ ಕೆಲಸ ಮಾಡುತ್ತದೆ. ನಡುವೆ ಒಂದು ದಿನ ಅದಕ್ಕೆ ಪ್ರೀತಿ ಹುಟ್ಟುತ್ತದೆ. ಪ್ರೀತಿ ಹುಟ್ಟಿದ ಯಂತ್ರ ಕೆಟ್ಟಿದೆ ಅಂತ ಕಂಪನಿಯವರು ಅದನ್ನು ಹಿಡಿಯಲು ಬರುತ್ತಾರೆ. ಅದು ಪಾವಗಡದ ಸೋಲಾರ್ ಪಾರ್ಕಿಗೆ ಓಡಿಹೋಗಿ, ಪ್ಯಾನಲ್ಲುಗಳ ನಡುವೆ ಕೂತು ಆರಿಹೋಗುತ್ತದೆ.

“ದೀಪ ನೀಲಿನಾ, ಕೆಂಪಾ?” ಎಂದು ಬೈರಪ್ಪ ಕೇಳಿದ. ಲೋಹಿತಾ ನಕ್ಕಳು. ನೀಲಿಯಂತೆ.

ಮೊದಲ ಶಾಟಿಗೇ ಬೈರಪ್ಪ ಎಡವಟ್ಟು ಮಾಡಿದ. ಬೆಟ್ಟದ ಬುಡದ ಬಾಡಿಗೆ ಮನೆಯೊಂದರಲ್ಲಿ ಚಿತ್ರೀಕರಣ. ಯಂತ್ರ ಮೊದಲ ಸಲ ಬಾಗಿಲಲ್ಲಿ ಕಾಣಿಸಿಕೊಂಡು ನೇರ ಒಳಗೆ ನಡೆದು ಬರಬೇಕು. ಆಕ್ಷನ್ ಅಂದದ್ದೇ ತಡ, ಯಂತ್ರ ಬಾಗಿಲಲ್ಲಿ ಬಗ್ಗಿ, ಬಲಗೈಯಲ್ಲಿ ನೆಲ ಮುಟ್ಟಿ, ಆ ಕೈಯನ್ನು ತಗಡಿನ ಕಣ್ಣಿಗೆ ಒತ್ತಿಕೊಂಡು ಆಮೇಲೆ ಒಳಗೆ ಬಂತು. ನಲವತ್ತು ವರ್ಷದಿಂದ ರಂಗಸ್ಥಳಕ್ಕೆ ಕೈಮುಗಿಯದೆ ಕಾಲಿಟ್ಟವನಲ್ಲ ಅವನು. ಕ್ಯಾಮೆರಾದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕು ಸಲ ತೆಗೆದರು, ನಾಲ್ಕು ಸಲವೂ ಕೈ ನೆಲಕ್ಕೆ ಹೋಯಿತು. ಕೊನೆಗೆ ಎರಡೂ ಕೈಗೆ ಒಂದು ಪೆಟ್ಟಿಗೆ ಹಿಡಿಸಿ ಕಳಿಸಿದರು.

ಎರಡನೆಯ ತೊಂದರೆ ಉಸಿರು. ಏನನ್ನಾದರೂ ಎತ್ತಿದಾಗ, ಇಳಿಸಿದಾಗ ಹಮಾಲಿಗಳು ‘ಉಶ್ಶಪ್ಪಾ’ ಎಂದು ಉಸಿರು ಬಿಡುವುದು ವಾಡಿಕೆ. ಉಸಿರಿನ ಜೊತೆಗೆ ಭುಜವೂ ಇಳಿಯುತ್ತದೆ.

“ಬೈರಣ್ಣ, ಯಂತ್ರಕ್ಕೆ ಸುಸ್ತಾಗಲ್ಲ. ಭುಜ ಇಳೀಬಾರದು,” ಎಂದಳು ಲೋಹಿತಾ.

“ಆಗ್ಲಿ ಕಣಮ್ಮ,” ಎಂದ ಬೈರಪ್ಪ. ಏಪ್ರಿಲ್ ತಿಂಗಳು. ಒಳಗೆ ಬೆವರು ಬೆನ್ನಿನಿಂದ ಹರಿದು ಕಾಲಿನ ತಗಡಿನಲ್ಲಿ ನಿಲ್ಲುತ್ತಿತ್ತು. ಯಂತ್ರಕ್ಕೆ ಸುಸ್ತಾಗುವುದಿಲ್ಲ ಎಂದು ತೋರಿಸುವುದಕ್ಕೆ ಒಬ್ಬ ಮನುಷ್ಯ ಎಷ್ಟು ಸುಸ್ತಾಗಬೇಕೆಂದು ಅವನಿಗೆ ಆ ವಾರದಲ್ಲಿ ಚೆನ್ನಾಗಿ ತಿಳಿಯಿತು.

ನಿಜವಾದ ಕಷ್ಟ ಬಂದದ್ದು ಹತ್ತನೆಯ ದಿನ. ಟೀಚರಮ್ಮನ ಪಾತ್ರ ಮಾಡುತ್ತಿದ್ದವರು ಪುಷ್ಪಾವತಿ, ಎಪ್ಪತ್ತು ದಾಟಿದವರು, ಒಂದು ಕಾಲಕ್ಕೆ ನಾಟಕ ಕಂಪನಿಗಳಲ್ಲಿ ನಾಯಕಿಯಾಗಿ ಮೆರೆದವರು. ಯಂತ್ರ ಅವರನ್ನು ಹಾಸಿಗೆಯಿಂದ ಎರಡು ಸಲ ಎತ್ತಬೇಕಿತ್ತು. ಪ್ರೀತಿ ಹುಟ್ಟುವುದಕ್ಕೆ ಮುಂಚೆ ಒಂದು ಸಲ, ಹುಟ್ಟಿದ ಮೇಲೆ ಒಂದು ಸಲ.

ಬೈರಪ್ಪನಿಗೆ ಎತ್ತುವುದು ಗೊತ್ತಿದ್ದದ್ದು ಒಂದೇ ರೀತಿ. ಕತ್ತಿನ ಕೆಳಗೆ ಅಂಗೈ ಇಟ್ಟು ಒಂದು ಗಳಿಗೆ ಕಾಯುತ್ತಾನೆ. ಇನ್ನೊಂದು ಕೈಯಿಂದ ಸೀರೆಯ ಅಂಚನ್ನು ಕಾಲಿನ ಸುತ್ತ ಸೇರಿಸಿ ಒತ್ತುತ್ತಾನೆ. ಆಮೇಲೆ ಮೊಣಕಾಲ ಕೆಳಗೆ ಕೈ ತೂರಿಸಿ ಎತ್ತುತ್ತಾನೆ. ಅದಕ್ಕೊಂದು ಕಾರಣವಿತ್ತು. ಲಕ್ವ ಹೊಡೆದ ಹೊಸತರಲ್ಲಿ ನೋಡಲು ನೆಂಟರು ಬಂದಿದ್ದಾಗ, ಅವಳನ್ನು ಅವಸರದಲ್ಲಿ ಎತ್ತಿಬಿಟ್ಟಿದ್ದ. ಸೀರೆ ಮಂಡಿಯ ಮೇಲಕ್ಕೆ ಸರಿದಿತ್ತು. ಗಂಡಸರ ಎದುರಿಗೆ ಅದನ್ನು ಎಳೆದುಕೊಳ್ಳಲು ಅವಳ ಕೈಗೆ ಆಗಲಿಲ್ಲ. ಆವತ್ತು ಅವಳು ಸಂಜೆಯವರೆಗೂ ಅತ್ತಿದ್ದಳು, ಕಾಯಿಲೆಗೆ ಅಷ್ಟು ಅತ್ತವಳಲ್ಲ.

“ಕಟ್. ಬೈರಣ್ಣ, ಆ ಸೀರೆ ಸರಿ ಮಾಡೋದು ಬೇಡ. ಇನ್ನೂ ಇದಕ್ಕೆ ಪ್ರೀತಿ ಇಲ್ಲ.”

“ಪ್ರೀತಿ ಇಲ್ದೆ ಹೆಂಗಮ್ಮ ಎತ್ತದು?”

“ಮೂಟೆ ಎತ್ತಿದ ಹಾಗೆ. ಕೆಲಸ, ಅಷ್ಟೇ. ಒಳಗೆ ಏನೂ ಇಲ್ಲ ಅಂದ್ಕೊಳ್ಳಿ.”

ತಗಡಿನ ತಲೆಯೊಳಗೆ ಬೈರಪ್ಪನ ಕಿವಿ ಬಿಸಿಯಾಯಿತು. ಒಳಗೆ ಏನೂ ಇಲ್ಲ ಅಂದುಕೊಳ್ಳುವುದೇನು, ಎಷ್ಟೋ ದಿನದಿಂದ ಅದನ್ನೇ ಕಂಡುಕೊಂಡು ಬಂದವನಲ್ಲವೇ ತಾನು? ಈ ಹುಡುಗಿ ಎದೆಯಲ್ಲಿ ಕೈಯಿಟ್ಟು ತೆಗೆದ ಹಾಗೆ ಹೇಳುತ್ತಿದ್ದಾಳೆ. ಮತ್ತೆ ಎತ್ತಿದ, ಕೈ ಸೀರೆಗೆ ಹೋಯಿತು. ಮತ್ತೆ ಎತ್ತಿದ, ಮತ್ತೆ ಹೋಯಿತು. ಏಳು ಟೇಕ್ ಆದವು. ಪುಷ್ಪಾವತಿಯವರಿಗೆ ಬೆನ್ನು ನೋಯುತ್ತಿತ್ತು, ಲೋಹಿತಾ ಹಣೆ ಉಜ್ಜಿಕೊಳ್ಳುತ್ತಿದ್ದಳು.

ಎಂಟನೆಯ ಸಲ ಬೈರಪ್ಪ ಕಣ್ಣು ಮುಚ್ಚಿಕೊಂಡು ಆ ಕಾರ್ತೀಕದ ಬೆಳಿಗ್ಗೆಯನ್ನು ನೆನೆದ. ಜಗಲಿ, ಬೆಟ್ಟದ ಮೇಲಿನ ಬಿಸಿಲು, ಒಳಗಿನ ಕೆಮ್ಮು. ಹಾಗೇ ಬಗ್ಗಿ ಎತ್ತಿದ. ಕೈ ಎಲ್ಲಿಗೂ ಹೋಗಲಿಲ್ಲ. ಪುಷ್ಪಾವತಿಯವರ ಸೀರೆ ಮಂಡಿಯವರೆಗೆ ಸರಿಯಿತು. ಮೂವತ್ತು ಜನ ಗಂಡಸರು ನಿಂತಿದ್ದ ಆ ಕೋಣೆಯಲ್ಲಿ ಮುದುಕಿ ತಮ್ಮ ಕೈಯನ್ನು ಕೆಳಗೆ ಚಾಚಿ, ಸೀರೆಯನ್ನು ಹುಡುಕಿ ಎಳೆದುಕೊಂಡರು. ಅದು ಕತೆಯಲ್ಲಿ ಬರೆದಿರಲಿಲ್ಲ.

“ಓಕೆ. ಇದೇ ಬೇಕಿತ್ತು,” ಎಂದಳು ಲೋಹಿತಾ. ನಾಲ್ಕು ಜನ ಚಪ್ಪಾಳೆ ತಟ್ಟಿದರು.

ಬೈರಪ್ಪ ತಗಡಿನ ತಲೆ ಬಿಚ್ಚಿಸಿಕೊಂಡು ಪುಷ್ಪಾವತಿಯವರ ಮಂಚದ ಪಕ್ಕ ಬಂದು ನಿಂತ. “ತಪ್ಪಾಯ್ತು ಕಣಮ್ಮ,” ಎಂದ.

“ಐವತ್ತು ವರ್ಷ ನಾಟಕದಲ್ಲಿ ನನ್ನ ಸೆರಗು ಎಳೆದೋರು ಎಷ್ಟೋ ಜನ. ತಪ್ಪಾಯ್ತು ಅಂದೋನು ನೀನೊಬ್ಬನೇ ಕಣಪ್ಪ,” ಎಂದರು ಅವರು. ದಿಂಬಿಗೆ ಒರಗಿಕೊಂಡು ಕೇಳಿದರು, “ಮನೇಲಿ ಯಾರನ್ನ ಎತ್ತುತ್ತೀಯ?”

“ಹೆಂಡ್ರನ್ನ.”

ಮಧ್ಯಾಹ್ನ ಎರಡನೆಯ ಎತ್ತುವಿಕೆ, ಪ್ರೀತಿ ಹುಟ್ಟಿದ ಮೇಲಿನದು, ಒಂದೇ ಟೇಕಿಗೆ ಮುಗಿಯಿತು. ಅವನು ತನ್ನ ಮಾಮೂಲಿ ರೀತಿಯಲ್ಲಿ ಎತ್ತಿದ, ಅಷ್ಟೇ. ಲೋಹಿತಾಳ ಕಣ್ಣಲ್ಲಿ ನೀರು ಬಂತು ಎಂದು ಆಮೇಲೆ ಯಾರೋ ಹೇಳಿದರು. ಬೈರಪ್ಪನಿಗೆ ಆ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ. ಮೊದಲನೆಯದು ತನ್ನ ಕೈಯಿಂದ ಆಯಿತಲ್ಲ ಅನ್ನುವುದೇ ಅವನ ತಲೆಯಲ್ಲಿ ತಿರುಗುತ್ತಿತ್ತು.

ರಕ್ಕಸನ ಪಾತ್ರ ಮಾಡಿದವನು ಬಣ್ಣ ಅಳಿಸದೆ ಮನೆಯ ಹೊಸ್ತಿಲು ದಾಟಬಾರದು. ಅದು ಅವನಿಗೆ ನಾಟಕ ಕಲಿಸಿದ ಮೇಷ್ಟ್ರ ಕಾಲದಿಂದ ಬಂದ ಕಟ್ಟಳೆ. ಈ ಪಾತ್ರಕ್ಕೆ ಬಣ್ಣವೇ ಇಲ್ಲ, ಏನು ಅಳಿಸಬೇಕು? ಆದರೂ ಆ ಸಂಜೆ ಬೀದಿಯ ನಲ್ಲಿಯ ಹತ್ತಿರ ನಿಂತು ಮುಖ ತೊಳೆದ, ಕೈ ತೊಳೆದ, ಮೊಣಕೈವರೆಗೆ ಮತ್ತೆ ಮತ್ತೆ ತೊಳೆದ. “ಎಷ್ಟು ತೊಳೀತೀಯಪ್ಪ, ಒಳಗೆ ಬಾ,” ಎಂದು ಅನುಷಾ ಬಾಗಿಲಿನಿಂದ ಕರೆದಳು. ಒಳಗೆ ಬಂದು ರಾಜಲಕ್ಷ್ಮಮ್ಮನನ್ನು ಕುರ್ಚಿಯಿಂದ ಹಾಸಿಗೆಗೆ ಎತ್ತುವಾಗ ಅವನು ತನ್ನ ಕೈಯನ್ನೇ ನೋಡುತ್ತಿದ್ದ. ಕೈ ಸೀರೆಯ ಅಂಚಿಗೆ ಹೋಯಿತು. ಹೋದರೇನು, ಅಭ್ಯಾಸ, ಎಂದುಕೊಂಡ.

ಕೊನೆಯ ಎರಡು ದಿನ ಪಾವಗಡದ ಕಡೆ, ರಾಯಚರ್ಲು ಹತ್ತಿರ. ಕಣ್ಣು ಹೋದಷ್ಟು ದೂರ ಪ್ಯಾನಲ್ಲುಗಳು, ನೆರಳು ಅನ್ನುವುದು ಅವುಗಳ ಕೆಳಗೆ ಮಾತ್ರ. ಬಿಡುವಿನಲ್ಲಿ ಬೈರಪ್ಪ ತಲೆ ಬಿಚ್ಚಿಟ್ಟು ಆ ನೆರಳಿನಲ್ಲಿ ಕೂತು ನೀರು ಕುಡಿಯುತ್ತಿದ್ದರೆ, ಪ್ಯಾನಲ್ ಒರೆಸುವ ಹೆಂಗಸರು ಬಂದು ನಿಂತು ನೋಡಿದರು. “ಏಮಣ್ಣಾ, ಮಿಶಿನ್ ನೀಳ್ಳು ತಾಗುತುಂದಾ?” ಎಂದು ಒಬ್ಬಳು ತೆಲುಗಿನಲ್ಲಿ ಕೇಳಿದಳು. ಮಿಶಿನ್ನೂ ನೀರು ಕುಡಿಯುತ್ತದಾ ಅಂತ. “ಕುಡೀತದೆ ಕಣಮ್ಮ, ಉಚ್ಚೇನೂ ಹುಯ್ತದೆ,” ಎಂದ ಬೈರಪ್ಪ. ಅವರು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾ ಹೋದರು. ಆ ಇಪ್ಪತ್ತು ದಿನದಲ್ಲಿ ಅವನು ಆಡಿದ ತಮಾಷೆ ಅದೊಂದೇ.

ಯಂತ್ರ ಆರಿಹೋಗುವ ಶಾಟು ಕಟ್ಟಕಡೆಯದು. ಮೊಣಕಾಲು ಮಡಚಿ ಕೂರಬೇಕು, ತಲೆ ನಿಧಾನ ಬಗ್ಗಬೇಕು, ಎದೆಯ ನೀಲಿ ದೀಪ ಆರಬೇಕು, ಆಮೇಲೆ ಅಲ್ಲಾಡಬಾರದು. ಬೈರಪ್ಪ ಕೂತ, ತಲೆ ಬಗ್ಗಿತು, ದೀಪ ಆರಿತು. ಕಟ್ ಅಂದರು. ಯಂತ್ರ ಏಳಲಿಲ್ಲ. ಬೈರಣ್ಣ, ಬೈರಣ್ಣ ಎಂದು ಕೂಗಿದರು, ಏಳಲಿಲ್ಲ. ಲೋಹಿತಾ ಕಿರುಚಿಕೊಂಡು ಓಡಿಬಂದು ತಲೆ ಬಿಚ್ಚಿ ನೋಡಿದರೆ ಮನುಷ್ಯ ಗಾಢ ನಿದ್ದೆಯಲ್ಲಿದ್ದ, ಬಾಯಿ ತೆರೆದಿತ್ತು. ಇಂಥ ಸಾವನ್ನು ತಾನು ಯಾವ ಸಿನಿಮಾದಲ್ಲೂ ನೋಡಿಲ್ಲ ಎಂದು ಕ್ಯಾಮೆರಾದವನು ಹೊಗಳಿದ. ಅದನ್ನು ಹಾಗೇ ಇಟ್ಟುಕೊಂಡರು.

ಸಿನಿಮಾ ಥಿಯೇಟರಿಗೆ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಎಂಟು ತಿಂಗಳ ಮೇಲೆ ಮೊಬೈಲಿಗೆ ಬಂತು. ಒಂದು ಭಾನುವಾರ ಅನುಷಾ ಶಿರಾದಿಂದ ಬಂದು ಅದನ್ನು ಟಿವಿಗೆ ಹಾಕಿಕೊಟ್ಟು, ಅಡುಗೆಮನೆಗೆ ಹೋದಳು. ಬೈರಪ್ಪ ರಾಜಲಕ್ಷ್ಮಮ್ಮನ ಬೆನ್ನಿಗೆ ದಿಂಬು ಕೊಟ್ಟು ಪಕ್ಕದಲ್ಲಿ ಕೂತ. ಯಂತ್ರ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ಬಂತು. ಅದಕ್ಕೆ ಯಾರದೋ ಒಣಕಲು ದನಿ. ಮೊದಲ ಎತ್ತುವಿಕೆ ಬಂತು. ಟೀಚರಮ್ಮನ ಸೀರೆ ಸರಿಯಿತು, ಕೈ ತಡಕಾಡಿತು.

“ಇದು ನೀನಲ್ಲ ಮಾವ,” ಎಂದಳು ರಾಜಲಕ್ಷ್ಮಮ್ಮ.

ಅರ್ಧ ಗಂಟೆಯ ಮೇಲೆ ಎರಡನೆಯದು ಬಂತು. ತಗಡಿನ ಬೆರಳುಗಳು ಸೀರೆಯ ಅಂಚನ್ನು ಕಾಲಿನ ಸುತ್ತ ಒತ್ತಿ ಸೇರಿಸಿದವು.

“ಇದು ನೀನು,” ಎಂದಳು.

ಅಲ್ಲಿಗೆ ಅವನಿಗೆ ತಡೆಯಲಾಗಲಿಲ್ಲ. “ಎಲ್ಡೂ ನಾನೇ ಕಣೆ ರಾಜಿ. ಮೊದಲ್ನೇದೂ ನಾನೇ. ನನ್ ಕೈಲಿ ಅಂಗೂ ಆಯ್ತದೆ.” ಟಿವಿಯ ಕಡೆ ನೋಡುತ್ತಲೇ ಹೇಳಿದ, “ಕಾರ್ತೀಕದಲ್ಲಿ ಒಂದಿನ ನಿನ್ನ ಅಂಗೇ ಬುಟ್ಟು ಜಗಲೀಲಿ ಕೂತಿದ್ದೆ. ಒಂದು ಗಂಟೆ. ಹಾಸಿಗೆ ಒದ್ದೆಯಾಗಿದ್ದು ನೋಡೇ ಹೋಗಿದ್ದೆ.”

“ಗೊತ್ತು. ಕಿಟಕೀಲಿ ನಿನ್ ಬೆನ್ನು ಕಾಣ್ತಿತ್ತು.”

“ಮತ್ತೆ ಯಾಕೆ ಕೂಗ್ಲಿಲ್ಲ ನೀನು?”

ಅವಳು ತೊದಲಿಕೊಂಡು, ಒಂದೊಂದೇ ಮಾತನ್ನು ಬಾಯಿಯಿಂದ ಹೊರಗೆ ತಂದಳು. “ಕೂಗಿದ್ರೆ ನೀನು ಬಂದ್ಬುಡ್ತಿದ್ದೆ. ಅದ್ಕೇ ಕೂಗ್ಲಿಲ್ಲ. ಒಂದ್ಗಳಿಗೆ ಕೂತ್ಕಳ್ಲಿ ಅಂತ. ಕೆಮ್ಮು ಒಂದು ಬಂದ್ಬುಡ್ತು, ಆಮ್ಯಾಕೆ ಸೆರಗು ಬಾಯಿಗೆ ಇಟ್ಕಂಡಿದ್ದೆ.”

ಬೈರಪ್ಪನಿಗೆ ವರ್ಷಗಳಿಂದ ನಿಂತುಹೋಗಿದ್ದ ಅಳು ಒಟ್ಟಿಗೇ ಬಂತು. ತಾನು ಅವಳನ್ನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ. ಆ ಒಂದು ಗಂಟೆ ಒದ್ದೆಯಲ್ಲಿ, ಚಳಿಯಲ್ಲಿ, ಕೆಮ್ಮನ್ನು ನುಂಗಿಕೊಂಡು ಅವಳು ಅವನನ್ನು ನೋಡಿಕೊಂಡಿದ್ದಳು. ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಎಡಗೈಯನ್ನು ಚಾಚಿ ಅವನ ಮೊಣಕಾಲ ಮೇಲೆ ಇಟ್ಟಳು, ಅದು ಅಷ್ಟೇ ದೂರ ಬರುತ್ತಿತ್ತು.

ಟಿವಿಯಲ್ಲಿ ಯಂತ್ರ ರಾಯಚರ್ಲಿನ ಬಿಸಿಲಿನಲ್ಲಿ ಕೂತು ತಲೆ ಬಗ್ಗಿಸಿತು. ನೀಲಿ ದೀಪ ಆರಿತು.

“ಸತ್ತೋಯ್ತಾ?” ಎಂದಳು ರಾಜಲಕ್ಷ್ಮಮ್ಮ.

“ಇಲ್ಲ ಕಣೆ. ನಿದ್ದೆ ಬಂದ್ಬುಟ್ಟಿತ್ತು,” ಎಂದ ಬೈರಪ್ಪ, ಮೂಗು ಒರೆಸಿಕೊಂಡು. ಅವಳನ್ನು ಬಚ್ಚಲಿಗೆ ಒಯ್ಯುವ ಹೊತ್ತಾಗಿತ್ತು. ಅವನು ಎದ್ದು ಬಗ್ಗಿದ, ಕತ್ತಿನ ಕೆಳಗೆ ಅಂಗೈ ಇಟ್ಟು ಒಂದು ಗಳಿಗೆ ಕಾದ, ಸೀರೆಯ ಅಂಚು ಸೇರಿಸಿದ, ಉಸಿರು ಬಿಗಿಹಿಡಿದು ಎತ್ತಿದ.

“ಉಶ್ಶಪ್ಪಾ ಅನ್ನು ಮಾವ,” ಎಂದಳು ಅವಳು ಅವನ ಭುಜಕ್ಕೆ ಒರಗಿಕೊಂಡು. “ಯಾರು ಬ್ಯಾಡ ಅಂದ್ರು?”

ಬೈರಪ್ಪ ಅಂದ.